ಚುಕ್ಕಿ ಇಲ್ಲದ ರಿಪೋರ್ಟು

ಸೋಮವಾರ ಮಧ್ಯಾಹ್ನ ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ನಾನು ನನ್ನ ತಂಗಿಗೆ ಒಂದು ಮಾತು ಹೇಳಿದೆ. "ಎಲ್ಲಾ ನಾರ್ಮಲ್ ಕಣೇ. ಇವತ್ತೇ ಡಾಕ್ಟರ್ ಹತ್ರ ಓಡೋದೇನೂ ಬೇಡ. ಶನಿವಾರ ಹೇಗೂ ಹೋಗ್ಬೇಕಲ್ಲ, ಆಗ ಹೋದ್ರಾಯ್ತು." ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬುಧವಾರ ನಾನು ಪಟ್ಟ ಪಾಡು ನನಗೇ ಗೊತ್ತು.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಜನರ ತೋಳಿಗೆ ಚುಚ್ಚುತ್ತಿದ್ದೇನೆ. ಮನೆಯಲ್ಲಿ ನನ್ನ ಹೆಸರೇ ಸೂಜಿ. ಅದು ಬಂದದ್ದು ಕೆಲಸದಿಂದಲ್ಲ, ನಾಲಿಗೆಯಿಂದ ಎಂದು ತಂಗಿಯ ವಾದ. ಅವಳು ಕುಳ್ಳಿ. ನನ್ನ ಭುಜದವರೆಗೂ ಬರುವುದಿಲ್ಲ, ಮಾತಿಗೆ ನಿಂತರೆ ಮಾತ್ರ ನನ್ನ ತಲೆಯ ಮೇಲೆ ಹತ್ತಿ ಕೂರುತ್ತಾಳೆ. ದೊಡ್ಡ ಬೀದಿಯ ಚಪ್ಪಲಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಯಾರನ್ನು ಕಂಡರೂ ಮುಖ ನೋಡುವ ಮೊದಲು ಕಾಲು ನೋಡುತ್ತಾಳೆ. ಗಿರಾಕಿ ಬಾಗಿಲು ದಾಟುವುದರೊಳಗೆ "ಆರು", "ಏಳೂವರೆ" ಎಂದು ಗೊಣಗಿಕೊಂಡು, ಅಳತೆಪಟ್ಟಿ ಮುಟ್ಟದೆ ಡಬ್ಬಿ ಇಳಿಸುತ್ತಾಳೆ. ಹತ್ತು ವರ್ಷದಲ್ಲಿ ಅವಳ ನಂಬರು ತಪ್ಪಿದ್ದನ್ನು ನಾನು ಕೇಳಿಲ್ಲ.

ಆಗ ಅವಳಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಮೊದಲ ಬಸುರು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯ ಮನುಷ್ಯ, ಆದರೆ ಹಗಲು ಹೊತ್ತಿನಲ್ಲಿ ಅವನನ್ನು ಹಿಡಿಯಬೇಕಾದರೆ ಯಾವುದಾದರೂ ಕಟ್ಟಡದ ಬಾವಿಯಂಥ ಕತ್ತಲಿಗೆ ತಲೆ ಹಾಕಿ ಕೂಗಬೇಕು. ಅಮ್ಮ ನನ್ನ ಜೊತೆ ಇದ್ದಾಳೆ. ಕುಳ್ಳಿಯ ಮನೆ ಎರಡು ಬೀದಿಯಾಚೆ, ಆದರೆ ಅವಳ ಆಸ್ಪತ್ರೆಯ ಕಾಗದಗಳೆಲ್ಲ ಇರುವುದು ನಮ್ಮ ಅಡುಗೆಮನೆಯಲ್ಲಿ, ಗೋಡೆಯ ಮೊಳೆಗೆ ನೇತುಬಿದ್ದ ಕ್ಲಿಪ್ಪಿನಲ್ಲಿ. ಅವಳ ಕೈಗೆ ಕೊಟ್ಟರೆ ಚಪ್ಪಲಿ ಡಬ್ಬಿಯೊಳಗೆ ಸೇರಿ ಯಾರದೋ ಮನೆಗೆ ಹೋಗುತ್ತವೆ ಎಂದು ಅಮ್ಮನ ಭಯ. ಆ ಭಯದಲ್ಲಿ ಹುರುಳಿಲ್ಲದೆ ಇಲ್ಲ.

ಇಲ್ಲಿ ನಮ್ಮ ಲ್ಯಾಬಿನ ಪದ್ಧತಿ ಹೇಳಿಬಿಡಬೇಕು. ಪ್ರತಿ ಪರೀಕ್ಷೆಗೂ ಇಷ್ಟರಿಂದ ಇಷ್ಟರವರೆಗೆ ಎಂದು ಗಡಿ ಇದೆ. ಅಂಕಿ ಗಡಿ ದಾಟಿದರೆ, ಮೇಲಕ್ಕಾಗಲಿ ಕೆಳಕ್ಕಾಗಲಿ, ಕಂಪ್ಯೂಟರು ಅದರ ಪಕ್ಕದಲ್ಲಿ ಒಂದು ಸ್ಟಾರ್ ಗುರುತು ಹಾಕುತ್ತದೆ. ಸ್ಟಾರ್ ಬಿದ್ದ ರಿಪೋರ್ಟು ಕೆಂಪು ಟ್ರೇಗೆ. ಅದನ್ನು ನಮ್ಮ ಲ್ಯಾಬ್ ಡಾಕ್ಟರು ಓದಿ ಸಹಿ ಮಾಡುತ್ತಾರೆ. ಸ್ಟಾರ್ ಇಲ್ಲದ್ದು ನೀಲಿ ಟ್ರೇಗೆ. ಅದರಲ್ಲಿ ಸಹಿ ಮೊದಲೇ ಅಚ್ಚಾಗಿರುತ್ತದೆ, ಸೀದಾ ಲಕೋಟೆಗೆ ಹೋಗುತ್ತದೆ. ದಿನಕ್ಕೆ ಇನ್ನೂರು ರಿಪೋರ್ಟು. ನೀಲಿ ಟ್ರೇಯದನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಓದುತ್ತ ಕೂತರೆ ನಾವು ಸಂಜೆ ಮನೆ ಸೇರಿದ ಹಾಗೆಯೇ!

ಕುಳ್ಳಿಗೆ ಮೂರು ತಿಂಗಳಿದ್ದಾಗ ಮೊದಲ ಸಲ ಕ್ರಿಯಾಟಿನಿನ್ ಮಾಡಿದ್ದೆ. ರಕ್ತದಲ್ಲಿರುವ ಒಂದು ಕೊಳೆ ಅದು. ಕಿಡ್ನಿ ಚೆನ್ನಾಗಿ ತೊಳೆದರೆ ಕಡಿಮೆ ಇರುತ್ತದೆ, ತೊಳೆಯದಿದ್ದರೆ ಏರುತ್ತದೆ. ನಮ್ಮ ಗಡಿ ಪಾಯಿಂಟ್ ಆರರಿಂದ ಒಂದು ಪಾಯಿಂಟ್ ಒಂದು. ಅವಳದು ಪಾಯಿಂಟ್ ನಾಲ್ಕು ಬಂತು, ಪಕ್ಕದಲ್ಲಿ ಸ್ಟಾರ್. ಮನೆಯಲ್ಲಿ ರಂಪವೋ ರಂಪ. ಅಮ್ಮ ಆ ಗುರುತನ್ನು ಚುಕ್ಕಿ ಎನ್ನುತ್ತಾಳೆ. "ಏನೇ ಇದು ಚುಕ್ಕಿ, ನನ್ನ ಮಗೂಗೆ ಚುಕ್ಕಿ ಯಾಕೆ ಬಂತು?" ಎಂದು ಎರಡು ದಿನ ಊಟ ಬಿಟ್ಟಳು. ನಾನು ಅದೇ ರಕ್ತವನ್ನು ಎರಡು ಸಲ ಯಂತ್ರಕ್ಕೆ ಹಾಕಿದೆ. ಎರಡು ಸಲವೂ ಪಾಯಿಂಟ್ ನಾಲ್ಕು.

ಹೆರಿಗೆ ಡಾಕ್ಟರಮ್ಮ ನೋಡಿ ನಕ್ಕುಬಿಟ್ಟರು. ಅಗಲ ಮುಖದ, ಕನ್ನಡಕ ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು.

"ಇದು ಒಳ್ಳೇದಮ್ಮ. ಬಸುರಾದ ಕೂಡಲೇ ಕೆಲವು ಹಾರ್ಮೋನುಗಳು ಏರ್ತವೆ. ಅವು ರಕ್ತನಾಳಗಳನ್ನೆಲ್ಲ ಸಡಿಲ ಮಾಡ್ತವೆ. ನಾಳ ಅಗಲ ಆಯ್ತು, ಬೀಪಿ ಇಳೀತು. ಕಿಡ್ನಿಗೆ ರಕ್ತ ಜಾಸ್ತಿ ಹೋಯ್ತು, ಅದು ಒಂದಕ್ಕೆ ಒಂದೂವರೆ ಪಾಲು ಕೆಲಸ ಮಾಡುತ್ತೆ. ಕೊಳೆ ಬೇಗ ಬೇಗ ತೊಳೆದುಹೋಗುತ್ತೆ. ಅದಕ್ಕೇ ಇಷ್ಟು ಕಡಿಮೆ. ನಿಮ್ಮ ಕಂಪ್ಯೂಟರಿಗೆ ಇವಳು ಬಸುರಿ ಅಂತ ಗೊತ್ತಿಲ್ಲ, ಪಾಪ."

ನಾವೂ ನಕ್ಕೆವು. ಕುಳ್ಳಿ ಬಸ್ಸಿನಲ್ಲಿ ಬರುವಾಗ ತನ್ನ ಎರಡು ಪಕ್ಕೆಗಳನ್ನೂ ತಟ್ಟಿಕೊಂಡು, "ಭೇಷ್! ಓವರ್‌ಟೈಮ್ ಮಾಡ್ತಿದೀರಿ, ಕೂಲಿ ಕೇಳ್ಬೇಡಿ" ಎಂದು ಕಿಡ್ನಿಗಳಿಗೆ ಹೇಳಿದಳು. ಐದನೇ ತಿಂಗಳಲ್ಲಿ ಮತ್ತೆ ಸ್ಟಾರ್ ಬಂತು. ಈ ಸಲ ಅಮ್ಮನೇ "ಚುಕ್ಕಿ ಬಂದಿದೆ ತಾನೇ? ಸರಿ" ಎಂದು ಕ್ಲಿಪ್ಪಿಗೆ ಸಿಕ್ಕಿಸಿದಳು.

ಇಷ್ಟೆಲ್ಲ ನನ್ನ ಕಿವಿಯಾರೆ ಕೇಳಿದವಳು ನಾನು. ಕೇಳಿ ಏನು ಪ್ರಯೋಜನವಾಯಿತು ಹೇಳಿ. ಡಾಕ್ಟರಮ್ಮ ಹೇಳಿದ್ದು ಒಂದು ಕಿವಿಯಲ್ಲಿತ್ತು, ಹದಿನಾಲ್ಕು ವರ್ಷದ ನೀಲಿ ಟ್ರೇ ನನ್ನ ಕೈಯಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಮಾತಾಡುವುದು ಕೈಯೇ.

ಸೋಮವಾರ ಬೆಳಿಗ್ಗೆ ಕುಳ್ಳಿ ಅಂಗಡಿಗೆ ಹೋಗುವ ಮೊದಲು ರಕ್ತ ಕೊಡಲು ಬಂದಳು. ಹಿಂದಿನ ವಾರ ಡಾಕ್ಟರಮ್ಮ ಬೀಪಿ ನೋಡಿ, "ಸ್ವಲ್ಪ ಏರಿದೆ, ಪರವಾಗಿಲ್ಲ, ಆದ್ರೆ ಈ ರಕ್ತ, ಮೂತ್ರ ಮಾಡಿಸಿ ರಿಪೋರ್ಟು ಬಂದ ದಿನಾನೇ ನನಗೆ ತೋರಿಸ್ಬೇಕು" ಎಂದು ಬರೆದುಕೊಟ್ಟಿದ್ದರಂತೆ. ಅವಳ ಮುಖ ಊದಿತ್ತು. ನಾನು ಅದನ್ನು ನೋಡಿದೆ. ನೋಡಿ, "ಏನೇ, ಕೆನ್ನೆ ಬಾಡಿಗೆಗೆ ತಂದಿದೀಯಾ?" ಎಂದೆ.

"ನಗು ನಗು. ಎರಡು ದಿನದಿಂದ ತಲೆ ಸಿಡೀತಿದೆ ಅಕ್ಕ."

"ದಿನವಿಡೀ ಪಾಲಿಶ್ ವಾಸನೆ ಕುಡಿದ್ರೆ ಇನ್ನೇನಾಗುತ್ತೆ? ಕೈ ಚಾಚು."

ಅವಳು ಚಾಚಿದಳು. ಸೂಜಿ ಎಂದರೆ ಹೆದರುವವಳು, ನಾನು ಚುಚ್ಚುವಾಗ ಮಾತ್ರ ಕಣ್ಣು ಮುಚ್ಚುವುದಿಲ್ಲ. ಆ ಹೊತ್ತಿನಲ್ಲೂ ಅವಳ ಕಣ್ಣು ಕಾಯುವವರ ಬೆಂಚಿನ ಕೆಳಗಿತ್ತು. ಅಲ್ಲಿ ಹೆಚ್ಚುಕಡಿಮೆ ಇವಳಷ್ಟೇ ಹೊಟ್ಟೆಯ ಇನ್ನೊಬ್ಬ ಹೆಂಗಸು ಕೂತಿದ್ದಳು.

"ನೋಡಲ್ಲಿ," ಎಂದು ಕುಳ್ಳಿ ಪಿಸುಗುಟ್ಟಿದಳು, "ಅವಳ ಕಾಲು ಐದನೇ ನಂಬರು. ಹಾಕ್ಕೊಂಡಿರೋದು ಒಂಬತ್ತು. ಗಂಡನ ಚಪ್ಪಲಿ! ಪಾಪ, ಅವಳದ್ದು ಕಾಲಿಗೆ ಹೋಗ್ತಿಲ್ಲ. ಅಂಗಡಿಗೆ ಕಳಿಸು, ಅಗಲದ್ದು ಕೊಡ್ತೀನಿ."

"ನಿನ್ನ ವ್ಯಾಪಾರ ಇಲ್ಲಿ ಬೇಡ" ಎಂದು ಹತ್ತಿ ಒತ್ತಿ ಕಳಿಸಿದೆ. ಆ ಹೆಂಗಸಿಗೂ ಚುಚ್ಚಿದೆ, ಅವಳ ನಂತರ ಒಬ್ಬ ಮುದುಕನಿಗೆ, ಅವನ ನಂತರ ಇನ್ಯಾರಿಗೋ.

ಮಧ್ಯಾಹ್ನ ಕುಳ್ಳಿಯ ರಿಪೋರ್ಟು ನೀಲಿ ಟ್ರೇಗೆ ಬಿತ್ತು. ಕ್ರಿಯಾಟಿನಿನ್ ಪಾಯಿಂಟ್ ಒಂಬತ್ತು. ಮೂತ್ರದಲ್ಲಿ ಪ್ರೋಟೀನು 'ಅತ್ಯಲ್ಪ', ಅತ್ಯಲ್ಪಕ್ಕೆ ಸ್ಟಾರ್ ಬೀಳುವುದಿಲ್ಲ. ಇಡೀ ಹಾಳೆಯಲ್ಲಿ ಒಂದೂ ಸ್ಟಾರ್ ಇಲ್ಲ. ನಾನು ಖುಷಿಯಿಂದ ಬ್ರೆಡ್ಡು ಕಚ್ಚಿ ಫೋನು ಮಾಡಿದೆ.

"ಡಾಕ್ಟರಮ್ಮ ಇವತ್ತೇ ತೋರಿಸು ಅಂದಿದ್ರು," ಎಂದಳು ಅವಳು.

"ನಾರ್ಮಲ್ ಇರೋದನ್ನ ತೋರಿಸೋಕೆ ಎರಡು ಗಂಟೆ ಕ್ಯೂ ನಿಲ್ತೀಯಾ? ಇಷ್ಟು ವರ್ಷ ಇದೇ ಕೆಲಸ ಮಾಡ್ತಿದೀನಿ, ನನಗೆ ಗೊತ್ತಾಗಲ್ವಾ?"

"ಸರಿ ಬಿಡು. ನೀನು ಹೇಳಿದ್ಮೇಲೆ ಮುಗೀತು."

ನೀನು ಹೇಳಿದ ಮೇಲೆ ಮುಗಿಯಿತು ಎಂದಳು. ಆ ಮಾತು ಈಗಲೂ ನನ್ನ ಎದೆಯಲ್ಲಿ ಹಾಗೇ ಕೂತಿದೆ.

ಬುಧವಾರ ಬೆಳಿಗ್ಗೆ ನಾನು ಲ್ಯಾಬಿಗೆ ಹೊರಟು ಚೀಲಕ್ಕೆ ಊಟದ ಡಬ್ಬಿ ತುರುಕುತ್ತಿದ್ದೆ. ಅಮ್ಮ ಶನಿವಾರಕ್ಕೆಂದು ಕಾಗದಗಳನ್ನು ಕ್ಲಿಪ್ಪಿನಿಂದ ತೆಗೆದು ಒಂದರ ಪಕ್ಕ ಒಂದು ಒಲೆಕಟ್ಟೆಯ ಮೇಲೆ ಹರಡಿದ್ದಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ, ಚುಕ್ಕಿ ಬರುತ್ತದೆ.

"ಅಲ್ವೇ ಸೂಜಿ, ಆಗ ಚುಕ್ಕಿ ಇರೋದೇ ಒಳ್ಳೇದು ಅಂದ್ರಲ್ಲ ಆ ಡಾಕ್ಟರಮ್ಮ. ಈ ಸಲ ಯಾಕೆ ಚುಕ್ಕಿ ಇಲ್ಲ?"

"ಈ ಸಲ ನಾರ್ಮಲ್ ಅಮ್ಮ. ನಾರ್ಮಲ್ ಇದ್ರೆ ಚುಕ್ಕಿ..."

ಕಣ್ಣು ಒಲೆಕಟ್ಟೆಯ ಮೂರು ಹಾಳೆಗಳ ಮೇಲೆ ಹೋಯಿತು. ಪಾಯಿಂಟ್ ನಾಲ್ಕು. ಪಾಯಿಂಟ್ ನಾಲ್ಕು. ಪಾಯಿಂಟ್ ಒಂಬತ್ತು. ಎರಡರಷ್ಟಕ್ಕಿಂತ ಜಾಸ್ತಿ. ಒಂದೂವರೆ ಪಾಲು ಕೆಲಸ ಮಾಡಬೇಕಾದ ಕಿಡ್ನಿ ಕೈ ಚೆಲ್ಲುತ್ತಿದೆ, ನಮ್ಮ ಕಾಗದ ಅದನ್ನು ಸುಖವಾಗಿದೆ ಎಂದು ಅಚ್ಚು ಹಾಕಿ ಕೊಟ್ಟಿದೆ. ಬೀಪಿಯ ಕಾರ್ಡು ತೆಗೆದು ನೋಡಿದೆ. ಐದನೇ ತಿಂಗಳಲ್ಲಿ ತೊಂಬತ್ತಾರು, ಐವತ್ತೆಂಟು. ಹಿಂದಿನ ವಾರ ನೂರ ಮೂವತ್ತು, ಎಂಬತ್ತೈದು. ಊದಿದ ಕೆನ್ನೆ, ಸಿಡಿಯುವ ತಲೆ. ಕೈಯಲ್ಲಿದ್ದ ಡಬ್ಬಿ ಜಾರಿ ಅನ್ನವೆಲ್ಲ ನೆಲದ ಪಾಲಾಯಿತು.

"ಏನಾಯ್ತೇ?"

"ಏನಿಲ್ಲ. ನೀನು ಕೇಳಿದ್ದು ಸರಿ ಇದೆ ಅಮ್ಮ." ಅಷ್ಟೇ ಹೇಳಿ ಕಾಗದಗಳನ್ನು ಬಾಚಿಕೊಂಡು ಮೆಟ್ಟಿಲಿಳಿದೆ.

ಕುಳ್ಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅಂಗಡಿಯಲ್ಲಿ ಆ ವಾರ ರಿಯಾಯಿತಿ ಮಾರಾಟ. ಅಂಥ ದಿನಗಳಲ್ಲಿ ಮಾಲೀಕ ಕೆಲಸದವರ ಫೋನುಗಳನ್ನೆಲ್ಲ ಗಲ್ಲಾದ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಾನೆ. ಅಂಗಡಿಯ ನಂಬರಿಗೆ ಮಾಡಿದರೆ ಕುಯ್ಯೋ ಎಂದಿತು, ರಿಸೀವರನ್ನೂ ಎತ್ತಿ ಪಕ್ಕಕ್ಕಿಟ್ಟಿದ್ದಾನೆ ಪುಣ್ಯಾತ್ಮ. ಅವಳ ಗಂಡನ ಫೋನು ವ್ಯಾಪ್ತಿ ಪ್ರದೇಶದ ಹೊರಗೆ. ಲ್ಯಾಬು ದಾರಿಯಲ್ಲೇ ಇತ್ತು. ಒಳಗೆ ನುಗ್ಗಿ, ರಕ್ತ ತೆಗೆಯಲು ಮನೆಮನೆಗೆ ಹೋಗುವಾಗ ಒಯ್ಯುವ ಬೀಪಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಲ್ಯಾಬ್ ಡಾಕ್ಟರು ಆಗಷ್ಟೇ ಚಹಾ ಕುಡಿಯುತ್ತಿದ್ದರು.

"ಸರ್, ಕ್ರಿಯಾಟಿನಿನ್ ಪಾಯಿಂಟ್ ಒಂಬತ್ತು."

"ನಾರ್ಮಲ್" ಎಂದರು, ಕಪ್ಪಿನಿಂದ ಕಣ್ಣೆತ್ತದೆ.

"ಏಳು ತಿಂಗಳ ಬಸುರಿ ಸರ್. ಮೊದಲು ಪಾಯಿಂಟ್ ನಾಲ್ಕಿತ್ತು. ತಲೆನೋವು, ಮುಖ ಊದಿದೆ."

ಅವರು ಕಪ್ಪು ಕೆಳಗಿಟ್ಟರು. "ಯಾರು?"

"ನನ್ನ ತಂಗಿ. ರಿಪೋರ್ಟು ಸೋಮವಾರದ್ದು."

"ಸೋಮವಾರದ್ದಾ? ಕೆಂಪು ಟ್ರೇಗೆ ಯಾಕೆ..." ಎಂದು ಶುರು ಮಾಡಿದವರು ಟ್ರೇಗಳ ಕಡೆ ನೋಡಿದರು. ಯಾಕೆ ಬರಲಿಲ್ಲ ಎಂದು ಅವರಿಗೆ ಗೊತ್ತು. ಆ ಟ್ರೇಗಳನ್ನು ಇಟ್ಟವರು ಅವರೇ. "ಇಲ್ಲಿ ನಿಂತು ಏನು ಮಾಡ್ತಿದೀರಿ? ಓಡಿ!"

ಬಸ್ಸಿಗೆ ಕಾಯಲಿಲ್ಲ, ಟ್ಯಾಕ್ಸಿ ಹಿಡಿದೆ. ನನ್ನ ಗ್ರಹಚಾರಕ್ಕೆ ಆ ಡ್ರೈವರು ಮರ್ಯಾದಸ್ಥ, ಹಳದಿ ದೀಪಕ್ಕೂ ನಿಲ್ಲುವವನು. ಒಂದು ಕಡೆ ರಸ್ತೆ ಅಗೆದು ಪೈಪು ಹಾಕುತ್ತಿದ್ದರು. ಟ್ಯಾಕ್ಸಿ ಆಮೆಯ ಹಾಗೆ ತೆವಳಿತು. ನಾನು ಸೀಟಿನ ತುದಿಗೆ ಬಂದೆ, ಹಿಂದೆ ಸರಿದೆ, ಕಿಟಕಿ ಇಳಿಸಿದೆ, ಏರಿಸಿದೆ. ಮತ್ತೆ ಕುಳ್ಳಿಯ ನಂಬರು ಒತ್ತಿದೆ. ಬೀಗ ಹಾಕಿದ ಡ್ರಾಯರಿನೊಳಗೆ ನನ್ನ ಹೆಸರು ಮಿನುಗಿ ಆರುತ್ತಿರುವುದು ಕಣ್ಣಿಗೆ ಕಟ್ಟಿತು.

"ಯಾರಿಗಾದ್ರೂ ಹುಷಾರಿಲ್ವಾ ಮೇಡಂ?" ಎಂದ ಡ್ರೈವರು.

"ಹುಷಾರಾಗಿದ್ದಾಳೆ ಅಂತ ನಾನೇ ಹೇಳ್ಬಿಟ್ಟೆ" ಎಂದೆ. ಅವನಿಗೆ ಏನು ಅರ್ಥವಾಯಿತೋ, ಮುಂದಿನ ಹಳದಿ ದೀಪಕ್ಕೆ ನಿಲ್ಲಿಸಲಿಲ್ಲ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ತುಂಬ ಡಬ್ಬಿ, ಮುಚ್ಚಳ, ಒಂಟಿ ಬೂಟುಗಳು. ಗಿರಾಕಿಯೊಬ್ಬಳು ಒಂದು ಚಪ್ಪಲಿ ಎತ್ತಿ ಹಿಡಿದು ಮಾಲೀಕನ ಮುಂದೆ ಕೂಗಾಡುತ್ತಿದ್ದಳು. "ಆರು ಕೇಳಿದ್ರೆ ಎಂಟು ಕೊಟ್ಟಿದಾಳೆ! ವಾಪಸು ಕೊಟ್ರೆ ಮತ್ತೆ ಎಂಟೇ ತಂದಳು! ಕಣ್ಣು ಕಾಣಲ್ವಾ ಅವಳಿಗೆ?"

ಕುಳ್ಳಿಯ ನಂಬರು ತಪ್ಪಿತ್ತು.

ಹಿಂದಿನ ಗೋದಾಮಿನಲ್ಲಿ ಅವಳು ಎತ್ತರದ ಕಪಾಟುಗಳ ನಡುವೆ ಸ್ಟೂಲಿನ ಮೇಲೆ ಕೂತು, ಒಂದು ಡಬ್ಬಿಯನ್ನು ಮೂಗಿಗೆ ತಾಗಿಸಿಕೊಂಡು ಅದರ ಮೇಲಿನ ಚೀಟಿ ಓದಲು ನೋಡುತ್ತಿದ್ದಳು. ಇನ್ನೊಂದು ಕೈ ಎದೆಗೂಡಿನ ಕೆಳಗೆ ಬಲಗಡೆ ಒತ್ತಿಕೊಂಡಿತ್ತು.

"ಅಕ್ಕ? ನೀನ್ಯಾಕೆ ಬಂದೆ? ಈ ಟ್ಯೂಬ್‌ಲೈಟು ನೋಡು, ಬೆಳಿಗ್ಗೆಯಿಂದ ಮಿಂಚ್ತಾನೇ ಇದೆ. ಏನೂ ಕಾಣಿಸ್ತಿಲ್ಲ."

ನಾನು ಮೇಲೆ ನೋಡಿದೆ. ಟ್ಯೂಬ್‌ಲೈಟು ಸುಮ್ಮನೆ ಉರಿಯುತ್ತಿತ್ತು.

"ಹೊಟ್ಟೆಗೇನಾಯ್ತು?"

"ಗ್ಯಾಸು. ಕೈ ಬಿಡು, ಏನಿದು? ಗಿರಾಕಿ ಕಾಯ್ತಿದಾರೆ."

ತೋಳಿಗೆ ಪಟ್ಟಿ ಸುತ್ತಿದೆ. ಯಂತ್ರ ಗುರ್ರೆಂದು ಬಿಗಿದು, ಸಡಿಲವಾಗಿ, ತಡೆದು ತಡೆದು ಅಂಕಿ ತೋರಿಸಿತು. ನೂರ ಅರವತ್ತೆಂಟು, ನೂರ ಹತ್ತು. ಈ ಅಂಕಿಗೆ ಯಾವ ಸ್ಟಾರೂ ಬೇಕಿರಲಿಲ್ಲ.

"ಏಳು. ಆಸ್ಪತ್ರೆಗೆ ಹೋಗೋಣ. ಈಗಲೇ."

"ಯಾಕೆ? ರಿಪೋರ್ಟು ನಾರ್ಮಲ್ ಅಂದ್ಯಲ್ಲ. ಸಂಜೆ ಹೋಗೋಣ. ಸೇಲ್ ಬಿಟ್ಟು ಹೋದ್ರೆ ಇವನು ನನ್ನ ತಿಂದುಹಾಕ್ತಾನೆ."

"ಏಳೇ ಅಂದ್ರೆ!"

"ಮೊದಲು ಓಡ್ಬೇಡ ಅಂದೆ, ಈಗ ಓಡು ಅಂತೀಯ. ನಿಂದೇನು ಕಥೆ? ನಾರ್ಮಲ್ಲೋ ಅಲ್ವೋ, ಒಂದು ಹೇಳು."

ನನಗೆ ತಪ್ಪೊಪ್ಪಿ ಅಭ್ಯಾಸವಿಲ್ಲ. ಚಿಕ್ಕಂದಿನಲ್ಲಿ ಅವಳ ಪೆನ್ಸಿಲ್ ಮುರಿದಾಗಲೂ ಪೆನ್ಸಿಲ್ಲೇ ಸರಿಯಿರಲಿಲ್ಲ ಎಂದು ಸಾಧಿಸಿದವಳು ನಾನು. ಅವಳ ಮುಂದೆ ಡಬ್ಬಿಗಳ ಮೇಲೆ ಕುಕ್ಕರಿಸಿದೆ.

"ಅಲ್ಲ. ನಾನು ತಪ್ಪು ಹೇಳಿದೆ ಕುಳ್ಳಿ. ಬೇರೆಯವರಿಗೆ ಅದು ನಾರ್ಮಲ್, ನಿನಗಲ್ಲ. ಸೋಮವಾರವೇ ನೀನು ಹೋಗ್ಬೇಕಿತ್ತು. ಹೋಗ್ಬೇಡ ಅಂದಿದ್ದು ನಾನು."

ಅವಳು ನನ್ನ ಮುಖವನ್ನೇ ನೋಡಿದಳು, ಕಣ್ಣು ಕಿರಿದು ಮಾಡಿ, ನಾನು ದೂರದಲ್ಲಿರುವ ಹಾಗೆ. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು ಎದ್ದು ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಬಾಯಿಬಡುಕಿ ನನ್ನ ತಂಗಿ ನನ್ನ ಭುಜ ಹಿಡಿದುಕೊಂಡಳು. ಹೊರಗೆ ಬರುವಾಗ ಮಾಲೀಕ ಅಡ್ಡ ಬಂದ. ಅವನಿಗೆ ನಾನು ಏನು ಅಂದೆನೋ ನನಗೆ ನೆನಪಿಲ್ಲ. ಡ್ರಾಯರಿನ ಬೀಗ ತೆಗೆದು ಫೋನು ಕೊಟ್ಟ, ಟ್ಯಾಕ್ಸಿಯ ಬಾಗಿಲನ್ನೂ ಅವನೇ ತೆಗೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕನ್ನಡಕ ಹುಡುಕಲಿಲ್ಲ. ಕುಳ್ಳಿಯ ಮಂಡಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಕಾಲು ಒದ್ದ ಹಾಗೆ ಹಾರಿತು. ನರ್ಸುಗಳು ಎರಡೂ ಕೈಗೆ ಸೂಜಿ ಹಾಕಿದರು, ಫಿಟ್ಸ್ ಬಾರದಿರಲಿ ಎಂದು ಒಂದು ಔಷಧ, ಬೀಪಿ ಇಳಿಯಲೆಂದು ಇನ್ನೊಂದು, ಮಗುವಿನ ಶ್ವಾಸಕೋಶ ಬಲಿಯಲೆಂದು ಮತ್ತೊಂದು. ಹೊಸ ಕ್ರಿಯಾಟಿನಿನ್ ಒಂದು ಪಾಯಿಂಟ್ ಮೂರು. ಮೂತ್ರದಲ್ಲಿ ಪ್ರೋಟೀನು ಮೂರು ಪ್ಲಸ್.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಹಾರ್ಮೋನುಗಳು ನಾಳಗಳನ್ನ ಸಡಿಲ ಮಾಡಿ ಇಟ್ಟಿದ್ದವು ಅಂದಿದ್ನಲ್ಲ. ಈಗ ಮಾಸು ಬೇರೆ ಏನೇನೋ ರಕ್ತಕ್ಕೆ ಬಿಡ್ತಿದೆ. ಆ ಸಡಿಲವೆಲ್ಲ ಹೋಗಿ ನಾಳಗಳು ಬಿಗೀತಿವೆ. ತಲೇಲಿ, ಕಣ್ಣಲ್ಲಿ, ಲಿವರಲ್ಲಿ, ಕಿಡ್ನೀಲಿ, ಎಲ್ಲಾ ಕಡೆ. ಮಾಸು ಹೊರಗೆ ಬರೋ ತನಕ ಇದು ನಿಲ್ಲಲ್ಲ. ಮಗುವಿನ ಔಷಧ ಕೆಲಸ ಮಾಡೋಕೆ ನಾಳೆವರೆಗೂ ಕಾಯೋಕಾದ್ರೆ ಕಾಯ್ತೀನಿ, ಆಮೇಲೆ ಮಗು ತೆಗೀಲೇಬೇಕು." ಸ್ವಲ್ಪ ತಡೆದು ಕೇಳಿದರು. "ರಿಪೋರ್ಟು ಬಂದ ದಿನಾನೇ ತೋರಿಸಿ ಅಂದಿದ್ದೆ. ಯಾಕೆ ಬರಲಿಲ್ಲ?"

"ನಾನು ಬೇಡ ಅಂದೆ ಮೇಡಂ."

ಅವರು ತಿರುಗಿ ಒಳಗೆ ಹೋದರು. ಆ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಎಪ್ಪತ್ತೆರಡು ಟೈಲ್ಸು. ಆ ದಿನ, ಮಾರನೆಯ ದಿನ ಅದನ್ನು ಎಷ್ಟು ಸಲ ಎಣಿಸಿದೆನೋ ಲೆಕ್ಕವಿಲ್ಲ. ಅವಳ ಗಂಡ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದ. "ಅಕ್ಕ, ನೀವು ಸರಿಯಾದ ಹೊತ್ತಿಗೆ ಹೋಗಿದ್ದಕ್ಕೆ ಉಳಿದಳು" ಎಂದು ನನ್ನ ಕೈ ಹಿಡಿದು ಅತ್ತ. ಮೈಯೆಲ್ಲ ಉರಿದುಹೋಯಿತು. ಎರಡು ದಿನ ತಡವಾಗಿ ಹೋದವಳಿಗೆ ಇದೇನು ಬಹುಮಾನ? ಅಮ್ಮ ಬೆಂಚಿನ ಮೇಲೆ ಕೂತು, ಯಾರು ಏನು ಹೇಳಿದರೂ "ಈಗ ಚುಕ್ಕಿ ಇದೆಯಾ?" ಎಂದು ಕೇಳುತ್ತಿದ್ದಳು. ಆಗ ಎಲ್ಲದರಲ್ಲೂ ಚುಕ್ಕಿ ಇತ್ತು.

ಗುರುವಾರ ಸಂಜೆ ನಾಲ್ಕಕ್ಕೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಒಂದು ಕಿಲೋ ನಾನ್ನೂರು ಗ್ರಾಮು. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿತ್ತು, ಪಾದ ನನ್ನ ಹೆಬ್ಬೆರಳಿನಷ್ಟು. ಕುಳ್ಳಿಗೆ ಪ್ರಜ್ಞೆ ಬಂದ ಮೇಲೆ ಫೋನಿನಲ್ಲಿ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, ಒಣಗಿದ ತುಟಿಯಲ್ಲಿ, "ಈ ಸೈಜು ನಮ್ಮಲ್ಲಿ ಇಲ್ಲ" ಎಂದಳು. ನಾನು ಹೊರಗೆ ಹೋಗಿ ಗೋಡೆಗೆ ಹಣೆಯಿಟ್ಟು ಗಳಗಳ ಅತ್ತೆ.

ಶನಿವಾರ ಬೆಳಿಗ್ಗೆ ಅವಳ ರಕ್ತವನ್ನು ನಾನೇ ತೆಗೆಯುತ್ತೇನೆ ಎಂದು ನರ್ಸನ್ನು ಕೇಳಿಕೊಂಡೆ. ಕುಳ್ಳಿ ಕೈ ಚಾಚಿದಳು. ಹಿಂದಿನ ಹಾಗೆಯೇ ಕಣ್ಣು ಮುಚ್ಚಲಿಲ್ಲ. ನಾನು ಮಾತ್ರ ಟ್ಯೂಬಿನ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಹನ್ನೊಂದಕ್ಕೆ ಕಾಗದ ಬಂತು. ಕ್ರಿಯಾಟಿನಿನ್ ಪಾಯಿಂಟ್ ಒಂಬತ್ತು. ಸ್ಟಾರ್ ಇಲ್ಲ. ಸೋಮವಾರದ ಅಂಕಿಯೇ, ಅಂಥದೇ ಹಾಳೆ. ಆಗ ಮೇಲೆ ಹತ್ತುತ್ತಿತ್ತು, ಈಗ ಇಳಿಯುತ್ತಿದೆ, ಕಾಗದಕ್ಕೆ ಅದು ಗೊತ್ತಿಲ್ಲ.

"ಏನಂತೆ?" ಎಂದಳು ಕುಳ್ಳಿ.

ಆ ಒಂದು ಪದ ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಡಾಕ್ಟರಮ್ಮ ಬಂದು ಹೇಳ್ಲಿ" ಎಂದೆ.

"ನೀನೇ ಹೇಳು."

"ನಿನ್ನೆ ಒಂದು ಪಾಯಿಂಟ್ ಎರಡಿತ್ತು. ಇವತ್ತು ಪಾಯಿಂಟ್ ಒಂಬತ್ತು. ಇಳೀತಿದೆ. ನಾಳೆ ಮತ್ತೆ ನೋಡೋಣ."

"ಹಾಂ. ಹೀಗೆ ಹೇಳೋದು ಕಲಿ" ಎಂದಳು. ಕೆನ್ನೆಯ ಊತ ಇಳಿದು ಅವಳ ಮೊದಲಿನ ಮೊಂಡು ಮುಖ ಹೊರಗೆ ಬಂದಿತ್ತು. ಆಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿದಳು. ಹೊಲಿಗೆ ಎಳೆದದ್ದಕ್ಕೆ ಮುಖ ಕಿವುಚಿದಳು.

"ಅಕ್ಕ, ಆ ದಿನ ಬೆಂಚಿನ ಮೇಲೆ ಒಬ್ಳಿದ್ಳಲ್ಲ. ಗಂಡನ ಚಪ್ಪಲಿ ಹಾಕ್ಕೊಂಡು. ಅವಳದ್ದೇನಾಯ್ತು? ಅವಳ ರಿಪೋರ್ಟಲ್ಲಿ ಚುಕ್ಕಿ ಇತ್ತಾ?"

ಬುಧವಾರದಿಂದ ನಾನು ಎಪ್ಪತ್ತೆರಡು ಟೈಲ್ಸು ಎಣಿಸಿದ್ದೆ, ನನ್ನನ್ನು ನಾನೇ ಬೈದುಕೊಂಡಿದ್ದೆ, ಅತ್ತಿದ್ದೆ. ಈ ಪ್ರಶ್ನೆ ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಕುರ್ಚಿಯಿಂದ ಎದ್ದದ್ದು ಗೊತ್ತಿಲ್ಲ, ಕಾರಿಡಾರಿನಲ್ಲಿದ್ದೆ. ಲ್ಯಾಬಿನ ಕೌಂಟರಿಗೆ ಫೋನು ಮಾಡಿದೆ.

"ಸೋಮವಾರದ ನೀಲಿ ಟ್ರೇ ಲಿಸ್ಟು ತೆಗಿ. ನನ್ನ ತಂಗಿ ಹೆಸರಿನ ಕೆಳಗೆ ಯಾರಿದಾರೆ? ಕ್ರಿಯಾಟಿನಿನ್ ಎಷ್ಟು?"

ಕೌಂಟರಿನ ಹೆಂಗಸು ಕೀಲಿ ಒತ್ತುವುದು ಕೇಳಿಸಿತು. "ಒಂದು ಪಾಯಿಂಟ್ ಸೊನ್ನೆ ಅಂತಿದೆ. ಸ್ಟಾರ್ ಇಲ್ಲ, ನಾರ್ಮಲ್."

"ಫೋನ್ ನಂಬರ್ ಹೇಳು. ಬೇಗ. ಆಮೇಲೆ ಲಿಸ್ಟಲ್ಲಿ ಇರೋ ಬಸುರಿಯರನ್ನೆಲ್ಲ ಸರ್ ಮುಂದಿಡು."

ಅಂಗೈ ಮೇಲೆ ಬರೆದುಕೊಂಡು ಒತ್ತಿದೆ. ಒಂದು ಸಲ ಪೂರ್ತಿ ಬಡಿದು ನಿಂತಿತು. ಮತ್ತೆ ಒತ್ತಿದೆ. ಈ ಸಲ ಎತ್ತಿದರು. ಹೆಣ್ಣು ಧ್ವನಿ, ನಿಧಾನ.

"ಹಲೋ?"

"ನಾನು ಲ್ಯಾಬಿಂದ. ಸೋಮವಾರ ರಕ್ತ ತೆಗೆದವಳು. ಹೇಗಿದೀರಾ?"

"ಓ, ನೀವಾ? ಚೆನ್ನಾಗಿದೀನಿ ಮೇಡಂ. ಸ್ವಲ್ಪ ತಲೆನೋವು, ಬೆಳಿಗ್ಗೆಯಿಂದ ಕಣ್ಣು ಮಂಜು ಮಂಜು, ಅಷ್ಟೇ. ಡಾಕ್ಟರ್ ಹತ್ರ ಹೋಗೋಣ ಅಂತಿದ್ರು ನಮ್ಮ ಮನೆಯವ್ರು. ನಾನೇ ಬೇಡ ಅಂದೆ. ರಿಪೋರ್ಟು ನಾರ್ಮಲ್ ಇದೆಯಲ್ಲ."

"ನಾರ್ಮಲ್ ಅಲ್ಲಮ್ಮ. ತಪ್ಪು ನಮ್ಮದು. ನಿಮ್ಮ ಮನೆಯವ್ರು ಇದಾರಾ? ಕರೀರಿ. ಕಾಲಿಗೆ ಯಾವ ಚಪ್ಪಲಿ ಸಿಗುತ್ತೋ ಅದನ್ನೇ ಹಾಕ್ಕೊಂಡು ಈಗಲೇ ಹೊರಡಿ. ನಾನು ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ."